ಕಷ್ಟ ಇದ್ದರಷ್ಟೇ ಮಜಾನಾ? ಅಡ್ವೆಂಚರ್ ಗೇಮ್ ಆಡೋರು ಸ್ವಲ್ಪ ಹೇಳಿ

ಅರ್ಧಕ್ಕೆ_ನಿಂತವನು
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬ ದಿನದಿಂದ ತಲೆ ತಿನ್ನುತ್ತಿದೆ.

ನಾನು ಜಾಸ್ತಿ ಆಡುವುದು ಅಡ್ವೆಂಚರ್ ಗೇಮ್‌ಗಳನ್ನೇ. ಮೌಸ್ ಒತ್ತುತ್ತಾ ಒಗಟು ಬಿಡಿಸುವ ಪಾಯಿಂಟ್ ಆಂಡ್ ಕ್ಲಿಕ್ ಇರಲಿ, ಕತ್ತಿ ಹಿಡಿದು ಗುಹೆಗೆ ನುಗ್ಗುವ ಆಕ್ಷನ್ ಅಡ್ವೆಂಚರ್ ಇರಲಿ, ಎರಡೂ ಇಷ್ಟ. ಆದರೆ ಈಚೆಗೆ ಎರಡು ಕಡೆಯಿಂದಲೂ ಬೇಜಾರಾಗುತ್ತಿದೆ. ಕೆಲವು ಗೇಮ್‌ಗಳಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು ಸುತ್ತ ಕಣ್ಣಾಡಿಸುವಷ್ಟರಲ್ಲೇ ಜೊತೆಗಿರುವ ಪಾತ್ರ "ಆ ಸರಪಳಿ ಎಳೆದರೆ ಹೇಗೆ?" ಅಂತ ಉತ್ತರ ಹೇಳಿಬಿಡುತ್ತದೆ. ಇನ್ನು ಕೆಲವದರಲ್ಲಿ ಒಂದೇ ಕೋಣೆಯಲ್ಲಿ ಸುತ್ತಿ ಸುತ್ತಿ ಸಾಕಾಗಿ, ಕೊನೆಗೆ ಯೂಟ್ಯೂಬ್ ನೋಡಿ ಮುಂದೆ ಹೋಗಬೇಕು. ನೋಡಿದ ಮೇಲೆ "ಛೆ, ಇಷ್ಟೇನಾ" ಅನಿಸಿದರೆ ಒಂದು ಥರ ಬೇಜಾರು. "ಇದನ್ನ ಯಾರಾದ್ರೂ ಹೇಗೆ ಊಹಿಸ್ತಾರೆ" ಅನಿಸಿದರೆ ಸಿಟ್ಟೇ ಬರುತ್ತದೆ.

ನಿಮ್ಮ ಲೆಕ್ಕದಲ್ಲಿ ಕಷ್ಟಕ್ಕೂ ಮಜಾಕ್ಕೂ ಏನು ಸಂಬಂಧ? ಇದನ್ನ ಸರಿಯಾಗಿ ಹಿಡಿದ ಗೇಮ್ ಯಾವುದು? ಈಸಿ ಮೋಡ್‌ಗೆ ಇಳಿಸಿ ಮುಗಿಸಿದರೆ ಅದು ಮುಗಿಸಿದ ಲೆಕ್ಕಾನಾ, ಅಲ್ವಾ?

ಬೆಂಕಿಕಡ್ಡಿ
ಸೆಕಿರೊ. ಚರ್ಚೆ ಮುಗೀತು, ಎಲ್ಲರೂ ಮನೆಗೆ ಹೋಗಬಹುದು.

ಕಡಲಕಾಗೆ
ಎಲ್ಲಿ ಮುಗೀತು? ಅವರು ಕೇಳಿದ್ದು ಅಡ್ವೆಂಚರ್ ಬಗ್ಗೆ. ಸೆಕಿರೊ ಕತ್ತಿ ಕಾಳಗದ ಗೇಮ್, ಅಲ್ಲಿ ಬೇಕಾಗಿರುವುದು ಬೆರಳು, ತಲೆ ಅಲ್ಲ.

ಬೆಂಕಿಕಡ್ಡಿ
2019ರ ಗೇಮ್ ಅವಾರ್ಡ್ಸ್‌ನಲ್ಲಿ ಆಕ್ಷನ್ ಅಡ್ವೆಂಚರ್ ವಿಭಾಗ ಗೆದ್ದಿದ್ದೇ ಸೆಕಿರೊ. ವರ್ಷದ ಗೇಮ್ ಕೂಡ ಅದೇ. ಅದರಲ್ಲಿ ಈಸಿ ಮೋಡ್ ಇಲ್ಲ, ಯಾರೂ ಸತ್ತು ಹೋಗಲಿಲ್ಲ. ಗೇಮ್ ಒಳಗೆ ಮಾತ್ರ ಎಲ್ಲರೂ ಸತ್ತರು.

ಲಾಟೀನು
ನಾನು ಹಳೇ ಕಾಲದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

"ಹಳೇ ಗೇಮ್‌ಗಳು ಕಷ್ಟ ಇದ್ದವು, ಅದಕ್ಕೇ ಚೆನ್ನಾಗಿದ್ದವು" ಅಂತ ಈಗ ಯಾರಾದರೂ ಬಂದು ಹೇಳೇ ಹೇಳ್ತಾರೆ. ಅವರಿಗೆ ಮುಂಚೆಯೇ ಒಂದು ಉದಾಹರಣೆ ಕೊಡುತ್ತೇನೆ. 1990ರ ಕಿಂಗ್ಸ್ ಕ್ವೆಸ್ಟ್ 5. ಬೇಕರಿ ಮುಂದೆ ಒಂದು ಬೆಕ್ಕು ಇಲಿಯನ್ನ ಅಟ್ಟಿಸಿಕೊಂಡು ಓಡುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆಗ ನಿಮ್ಮ ಹತ್ತಿರ ಹಳೇ ಬೂಟು ಇದ್ದು, ಅದನ್ನ ಬೆಕ್ಕಿಗೆ ಎಸೆದು ಇಲಿಯನ್ನ ಉಳಿಸಿದರೆ ಸರಿ. ಇಲ್ಲದಿದ್ದರೆ ಮುಂದೆ ಯಾವಾಗಲೋ ಛತ್ರದ ನೆಲಮಾಳಿಗೆಯಲ್ಲಿ ನಿಮ್ಮನ್ನ ಕಟ್ಟಿಹಾಕಿದಾಗ ಹಗ್ಗ ಕಡಿಯೋಕೆ ಇಲಿ ಬರುವುದಿಲ್ಲ. ಕಥೆ ಅಲ್ಲಿಗೇ ಖತಂ. ಅದೇ ಗೇಮ್‌ನಲ್ಲಿ ಒಂದು ಪೈ ಸಿಗುತ್ತದೆ. ಬೆಟ್ಟದ ಮೇಲೆ ರಾಜನಿಗೆ ಹಸಿವಾದಾಗ ಅದನ್ನ ತಿನ್ನಿಸಿದಿರೋ, ಕೆಟ್ಟಿರಿ. ಮುಂದೆ ಯೇತಿ ಎದುರಾದಾಗ ಅದರ ಮುಖಕ್ಕೆ ಎಸೆಯಬೇಕಾಗಿದ್ದು ಆ ಪೈಯನ್ನೇ.

ಕೆಡುಕು ಇರುವುದು ಸಾಯುವುದರಲ್ಲಿ ಅಲ್ಲ. ಪೈ ತಿಂದ ಆ ಕ್ಷಣಕ್ಕೆ ಗೇಮ್ ಏನೂ ಹೇಳುವುದಿಲ್ಲ. ನೀವು ಸೋತಾಗಿದೆ, ಆದರೆ ನಡೆಯುತ್ತಲೇ ಇದ್ದೀರಿ. ಹಳೇ ಸೇವ್ ಇಲ್ಲದಿದ್ದರೆ ಮೊದಲಿಂದ ಶುರು.

ಆ ಕಾಲದ ಇಂಥ ಗೇಮ್‌ಗಳಿಗೆ ಬೇಸತ್ತೇ ಗೇಮ್ ಡಿಸೈನರ್ ರಾನ್ ಗಿಲ್ಬರ್ಟ್ ಅದಕ್ಕೂ ಮುಂಚೆ, 1989ರಲ್ಲಿ, ಅಡ್ವೆಂಚರ್ ಗೇಮ್‌ಗಳು ಯಾಕೆ ಹದಗೆಟ್ಟಿವೆ ಅಂತ ಒಂದು ಲೇಖನ ಬರೆದರು. ಸತ್ತು ಸತ್ತು ಕಲಿಯುವ ಹಾಗೆ ಮಾಡಬೇಡಿ ಅಂದರು. ಮೊದಲು ಬೀಗ ಕಾಣಲಿ, ಕೀಲಿ ಆಮೇಲೆ ಸಿಗಲಿ ಅಂದರು. ಕೀಲಿ ಮೊದಲೇ ಸಿಕ್ಕರೆ ಆಡುವವನು ಕಂಡಿದ್ದನ್ನೆಲ್ಲ ಜೇಬಿಗೆ ಹಾಕಿಕೊಳ್ಳುತ್ತಾನೆ, ಯೋಚನೆ ಮಾಡುವುದೇ ಇಲ್ಲ. ಮರುವರ್ಷ ಅವರದೇ ಮಂಕಿ ಐಲ್ಯಾಂಡ್ ಬಂತು. ಅದರಲ್ಲಿ ಸಾಯುವುದೇ ಇಲ್ಲ. ಆದರೂ ಅದು ಸುಲಭದ ಗೇಮ್ ಅಲ್ಲ.

ಗುಬ್ಬಿಗೂಡು
ಲಾಟೀನು ಅವರೇ, ಮಂಕಿ ಐಲ್ಯಾಂಡ್‌ನಲ್ಲಿ ಸಾಯಬಹುದು! ಹೀರೋ ಗೈಬ್ರಶ್‌ನನ್ನ ನೀರಿಗೆ ಎಸೀತಾರಲ್ಲ, ಅಲ್ಲಿ ಹತ್ತು ನಿಮಿಷ ಸುಮ್ನೆ ಬಿಡಿ. ತಾನು ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಅಂತ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡಿರುತ್ತಾನೆ. ಅಷ್ಟು ಹೊತ್ತಾದ ಮೇಲೆ ನಿಜಕ್ಕೂ ಸಾಯ್ತಾನೆ.

ಲಾಟೀನು
ಹೌದು ಹೌದು. ಅದಕ್ಕೆ ಹತ್ತು ನಿಮಿಷ ಕಾಯುವ ಛಲ ಬೇಕು. ಬಂಡೆ ಅಂಚಿನಿಂದ ಬಿದ್ದು, ಸತ್ತೆ ಅಂತ ಪರದೆ ಬಂದು, ಆಮೇಲೆ ರಬ್ಬರ್ ಮರಕ್ಕೆ ಬಡಿದು ವಾಪಸ್ ಪುಟಿದು ಬರುವುದು ನೆನಪಿದೆಯಾ? ಕಿಂಗ್ಸ್ ಕ್ವೆಸ್ಟ್ ಥರದ ಗೇಮ್‌ಗಳಿಗೆ ನೇರವಾಗಿ ಮಾಡಿದ ಗೇಲಿ ಅದು.

ಪದಬಂಧಪ್ರಿಯೆ
ಹಳೇ ಗೇಮ್‌ಗಳನ್ನ ಇಷ್ಟು ಬೈಯುವುದು ಸರಿ ಅಲ್ಲ. ಆಗ ಒಂದು ಗೇಮ್ ಅಂದರೆ ತಿಂಗಳುಗಟ್ಟಲೆ. ಅಕ್ಕ ತಮ್ಮ ಎಲ್ಲ ಸೇರಿ ಒಂದೇ ಕಂಪ್ಯೂಟರ್ ಮುಂದೆ ಕೂತು, "ಅದನ್ನ ಇದರ ಜೊತೆ ಹಾಕು", "ಅವನ ಹತ್ತಿರ ಇನ್ನೊಂದ್ಸಲ ಮಾತಾಡು" ಅಂತ ಕೂಗಾಡುತ್ತಿದ್ದೆವು. ಸಿಕ್ಕಿಹಾಕಿಕೊಂಡರೆ ಮರುದಿನ ಬೇರೆ ಏನೋ ಕೆಲಸ ಮಾಡುವಾಗ ಉತ್ತರ ಥಟ್ ಅಂತ ಹೊಳೆಯುತ್ತಿತ್ತು. ಈಗ ಹೊಳೆಯುವಷ್ಟು ಹೊತ್ತು ಯಾರು ಕೊಡುತ್ತಾರೆ? ಫೋನ್ ಪಕ್ಕದಲ್ಲೇ ಇದೆ.

ಸಂಶಯಸಿಂಹ
ಅಯ್ಯೋ, ತಿಂಗಳುಗಟ್ಟಲೆ ಹಿಡಿಯುತ್ತಿದ್ದದ್ದಕ್ಕೆ ಕಾರಣ ಬೇರೆ ಇತ್ತು. ಗೇಮ್ ಚಿಕ್ಕದು, ಬೆಲೆ ದೊಡ್ಡದು. ಬೇಗ ಮುಗಿದರೆ ಜನ ಬೈಯುತ್ತಿದ್ದರು. ಮೇಲಿಂದ ಹಿಂಟ್ ಪುಸ್ತಕ ಬೇರೆ ಮಾರುತ್ತಿದ್ದರು, ದುಡ್ಡು ಕೊಟ್ಟು ಫೋನ್ ಮಾಡಿ ಉತ್ತರ ಕೇಳುವ ಲೈನ್ ಕೂಡ ಇತ್ತು. ಬೀಗ ಮಾರುವವನೇ ಕೀಲಿ ಮಾರಿದರೆ ಬೀಗ ಸಡಿಲ ಇರುತ್ತಾ?

ಲಾಟೀನು
ಹಿಂಟ್ ಪುಸ್ತಕದ ಬಗ್ಗೆ ಕೆಟ್ಟದಾಗಿ ಮಾತಾಡಬೇಡಿ, ಹೇಳ್ಬಿಟ್ಟಿದ್ದೀನಿ! ಇನ್ಫೋಕಾಮ್ ಅನ್ನುವ ಹಳೇ ಗೇಮ್ ಕಂಪನಿಯ ಹಿಂಟ್ ಪುಸ್ತಕ ಇನ್‌ವಿಸಿಕ್ಲೂಸ್ ಒಂದು ಅದ್ಭುತ. ಕಾಣದ ಶಾಯಿಯಲ್ಲಿ ಅಚ್ಚಾಗಿರುತ್ತಿತ್ತು, ಜೊತೆಗೆ ಬರುವ ಮಾರ್ಕರ್ ಸವರಿದರೆ ಅಕ್ಷರ ಮೂಡುತ್ತಿತ್ತು. ಒಂದೊಂದು ಪ್ರಶ್ನೆಗೆ ಮೂರು ನಾಲ್ಕು ಸಾಲು. ಮೊದಲ ಸಾಲು ಬರೀ ಸುಳಿವು, ಕೊನೆಯದು ಪೂರ್ತಿ ಉತ್ತರ. ನಡುವೆ ದಾರಿ ತಪ್ಪಿಸೋಕೆ ಸುಳ್ಳು ಪ್ರಶ್ನೆಗಳೂ ಇರುತ್ತಿದ್ದವು, ಪ್ರಶ್ನೆ ಓದಿಯೇ ಕಥೆ ಗೊತ್ತಾಗಬಾರದು ಅಂತ. ಎಷ್ಟು ಸವರಬೇಕು ಅನ್ನುವುದು ನಮ್ಮ ಕೈಲಿ. ಯೂಟ್ಯೂಬ್ ವಿಡಿಯೋದಲ್ಲಿ ಅರ್ಧ ಉತ್ತರ ನೋಡಿ ನಿಲ್ಲಿಸೋಕೆ ಆಗುತ್ತಾ?

2022ರ ರಿಟರ್ನ್ ಟು ಮಂಕಿ ಐಲ್ಯಾಂಡ್‌ನಲ್ಲಿ ಗಿಲ್ಬರ್ಟ್ ಇದನ್ನೇ ಗೇಮ್ ಒಳಗೆ ತಂದಿದ್ದಾರೆ. ಹಿಂಟ್ ಪುಸ್ತಕ ಗೈಬ್ರಶ್ ಜೇಬಲ್ಲೇ ಇರುತ್ತದೆ. ಕೇಳಿದಷ್ಟೇ ಹೇಳುತ್ತದೆ.

ಚುಕ್ಕಿಬೆಕ್ಕು
ಬೆಕ್ಕಿನ ಮೀಸೆ ಬಗ್ಗೆ ಇನ್ನೂ ಯಾರೂ ಮಾತಾಡಿಲ್ವಾ?? ಆಶ್ಚರ್ಯ.

ಅರ್ಧಕ್ಕೆ_ನಿಂತವನು
ಯಾವ ಮೀಸೆ?

ಚುಕ್ಕಿಬೆಕ್ಕು
ಗೇಬ್ರಿಯಲ್ ನೈಟ್ 3, 1999. ಕೇಳಿ.

ಹೀರೋಗೆ ಬಾಡಿಗೆ ಬೈಕ್ ಬೇಕು. ಆ ಬೈಕ್ ಅವನ ಪೊಲೀಸ್ ಗೆಳೆಯನ ಹೆಸರಲ್ಲಿ ಬುಕ್ ಆಗಿದೆ. ಸರಿ, ಗೆಳೆಯನ ವೇಷ ಹಾಕಿ ಹೋಗೋಣ ಅಂತ ತೀರ್ಮಾನ. ವೇಷಕ್ಕೆ ಮೀಸೆ ಬೇಕಂತೆ. ಅದಕ್ಕೆ ಒಂದು ಕಿಂಡಿಗೆ ಟೇಪ್ ಅಂಟಿಸಿ, ಬೆಕ್ಕನ್ನ ಬೆದರಿಸಿ ಆ ಕಿಂಡಿಯಲ್ಲಿ ಓಡಿಸಿ, ಟೇಪಿಗೆ ಅಂಟಿದ ಕೂದಲು ತಗೊಂಡು, ಮೇಪಲ್ ಸಿರಪ್ ಹಚ್ಚಿ ಮೂಗಿನ ಕೆಳಗೆ ಅಂಟಿಸಿಕೊಳ್ಳಬೇಕು.

ಅಸಲಿ ವಿಷಯ ಈಗ. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಆದ್ದರಿಂದ ಅವನ ಪಾಸ್‌ಪೋರ್ಟ್ ಕದ್ದು, ಫೋಟೋ ಮೇಲೆ ಪೆನ್ನಲ್ಲಿ ಮೀಸೆ ಬರೆಯಬೇಕು.

ಕಡಲಕಾಗೆ
😂😂 ಇದನ್ನ ಬರೆದವರು ಆಫೀಸಲ್ಲಿ ಹೇಗೆ ಒಪ್ಪಿಸಿದರೋ.

ಸಂಶಯಸಿಂಹ
ಇದು ಕಷ್ಟದ ಪಜಲ್ ಅಲ್ಲ, ತರ್ಕವೇ ಇಲ್ಲದ ಪಜಲ್. ಉತ್ತರ ನೋಡಿದ ಮೇಲೂ "ಓ ಹೌದಲ್ಲ" ಅನಿಸದಿದ್ದರೆ ಅಲ್ಲಿ ಬುದ್ಧಿವಂತಿಕೆಗೆ ಕೆಲಸವೇ ಇಲ್ಲ. ನನ್ನ ಪರೀಕ್ಷೆ ಅಷ್ಟೇ: ಉತ್ತರ ತಿಳಿದಾಗ ಸಿಟ್ಟು ಗೇಮ್ ಮೇಲೆ ಬರುತ್ತಾ, ನನ್ನ ಮೇಲೆ ಬರುತ್ತಾ? ನನ್ನ ಮೇಲೆ ಬಂದರೆ ಗೇಮ್ ಪಾಸು.

ನೀರಾನೆ
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಉತ್ತರ ಗೊತ್ತಿದ್ದರೂ ಮಾಡೋಕೆ ಕಿರಿಕಿರಿ ಆಗುವ ಜಾಗಗಳು ಇರುತ್ತವೆ. ಜೆಲ್ಡಾ ಒಕರಿನಾ ಆಫ್ ಟೈಮ್‌ನ ನೀರಿನ ದೇವಸ್ಥಾನ. 1998ರಿಂದ ಜನ ಅದನ್ನ ಬೈಯುತ್ತಾ ಬಂದಿದ್ದಾರೆ. ಎಲ್ಲರೂ "ಅಬ್ಬಾ, ಎಂಥ ಕಷ್ಟ" ಅಂತಾರೆ. ನಿಜ ಹೇಳಬೇಕೆಂದರೆ ನೀರಿನ ಮಟ್ಟ ಏರಿಸುವ ಇಳಿಸುವ ಆ ಯೋಚನೆ ತುಂಬಾ ಚೆನ್ನಾಗಿದೆ. ತಲೆನೋವು ಇರುವುದು ಕಬ್ಬಿಣದ ಬೂಟಿನಲ್ಲಿ. ಮುಳುಗೋಕೆ ಬೂಟು ಹಾಕಬೇಕು, ತೇಲೋಕೆ ಬಿಚ್ಚಬೇಕು, ಪ್ರತಿ ಸಲವೂ ಗೇಮ್ ನಿಲ್ಲಿಸಿ ಮೆನು ತೆರೆಯಬೇಕು.

2011ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್‌ಗೆ ಬಂದಾಗ ಬೂಟನ್ನ ಬಟನ್‌ಗೇ ಕೊಟ್ಟರು. ಮಟ್ಟ ಬದಲಿಸುವ ಜಾಗಗಳಿಗೆ ದಾರಿ ತೋರುವ ಬಣ್ಣದ ಗೆರೆಗಳನ್ನ ಗೋಡೆ ಮೇಲೆ ಎಳೆದರು. ಪಜಲ್ ಅದೇ. ಆದರೆ ಬೈಗುಳ ಅರ್ಧಕ್ಕರ್ಧ ಕಡಿಮೆ.

ಬೆಂಕಿಕಡ್ಡಿ
ಗೆರೆ ಎಳೆದಿದ್ದು ನನಗೆ ಇಷ್ಟ ಆಗಲಿಲ್ಲ. ಬೂಟು ಸರಿ. ಆದರೆ ಆ ದೇವಸ್ಥಾನದ ಮಜಾ ಇದ್ದಿದ್ದೇ ನಕ್ಷೆ ತಲೆಯಲ್ಲಿ ಇಟ್ಟುಕೊಳ್ಳುವುದರಲ್ಲಿ. ಅದನ್ನೂ ಗೋಡೆಗೆ ಬರೆದುಬಿಟ್ಟರೆ ನನಗೇನು ಕೆಲಸ ಉಳಿಯಿತು?

ನೀರಾನೆ
ಹ್ಮ್, ಅದು ನ್ಯಾಯವಾದ ಮಾತು. ಮೊದಲ ಸಲ ನಿಮ್ಮ ಮಾತಿಗೆ ತಲೆಯಾಡಿಸುತ್ತಿದ್ದೇನೆ.

ಮಿಣುಕುಹುಳ
ಸಿಲ್ಕ್‌ಸಾಂಗ್ ಬಗ್ಗೆ ಯಾರೂ ಎತ್ತುತ್ತಿಲ್ಲ, ನಾನೇ ಎತ್ತುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಬಂದಾಗ ಅರ್ಧ ಜನ ಕುಣಿದರು, ಅರ್ಧ ಜನ ಅತ್ತರು. ಎಷ್ಟೋ ಶತ್ರುಗಳ ಒಂದೇ ಏಟಿಗೆ ಎರಡು ಮಾಸ್ಕ್, ಅಂದರೆ ಜೀವದ ಎರಡು ಪಾಲು, ಹೋಗುತ್ತದೆ. ಶುರುವಿನಲ್ಲಿ ನಮ್ಮ ಹತ್ತಿರ ಇರುವುದೇ ಐದು. ಅಂದರೆ ಮೂರನೇ ಏಟಿಗೆ ಕತೆ ಮುಗಿಯಿತು. ಕೆಲವೇ ದಿನದಲ್ಲಿ ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನುವ ಇಬ್ಬರು ಬಾಸ್‌ಗಳನ್ನೂ (ದೊಡ್ಡ ಶತ್ರುಗಳು) ಪ್ಯಾಚ್‌ನಲ್ಲಿ, ಅಂದರೆ ಆಮೇಲೆ ಕಳಿಸುವ ತಿದ್ದುಪಡಿಯಲ್ಲಿ, ಸ್ವಲ್ಪ ಮೆತ್ತಗೆ ಮಾಡಿದರು.

ಬಾಸ್ ಜೊತೆ ಗುದ್ದಾಡೋಕೆ ನನಗೆ ಬೇಜಾರಿಲ್ಲ. ಸತ್ತ ಮೇಲೆ ಮತ್ತೆ ಏಳುವ ಬೆಂಚ್‌ನಿಂದ ಬಾಸ್ ತನಕ ಮತ್ತೆ ಓಡುವುದಿದೆಯಲ್ಲ, ಲಾಸ್ಟ್ ಜಡ್ಜ್ ಅನ್ನುವ ಬಾಸ್ ಹತ್ತಿರ ಮಾಡಿಸುತ್ತಾರಲ್ಲ, ಅದರಿಂದ ಏನು ಕಲಿಯುತ್ತೇನೆ? ಆ ದಾರಿ ನನಗೆ ಆಗಲೇ ಬಾಯಿಪಾಠ. ಸುಮ್ನೆ ಟೈಮ್ ವೇಸ್ಟ್.

ಬೆಂಕಿಕಡ್ಡಿ
ಆ ಓಟ ಇರುವುದರಿಂದಲೇ ಸಾಯೋಕೆ ಭಯ. ಭಯ ಇದ್ದರೆ ತಾನೇ ಎದೆ ಹೊಡೆದುಕೊಳ್ಳುವುದು? ಬಾಸ್ ಬಾಗಿಲಲ್ಲೇ ಎದ್ದರೆ ಕಣ್ಣು ಮುಚ್ಚಿಕೊಂಡು ಬಟನ್ ಒತ್ತುತ್ತೀರಿ.

ಮಿಣುಕುಹುಳ
ಸೆಲೆಸ್ಟ್‌ನಲ್ಲಿ ಸತ್ತ ತಕ್ಷಣ ಅದೇ ಪರದೆಯ ಆರಂಭದಲ್ಲಿ ಏಳುತ್ತೇವೆ. ಅಲ್ಲಿ ಯಾರಿಗೂ ಎದೆ ಹೊಡೆದುಕೊಳ್ಳಲ್ವಾ? ಕೊನೆಗೆ ಪರ್ವತದ ತುದಿ ಹತ್ತುವಾಗ ನನಗೆ ಕೈ ನಡುಗಿತ್ತು.

ಒಂಟಿಕೈ_ಆಟಗಾರ್ತಿ
ಸೆಲೆಸ್ಟ್ ಹೆಸರು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಇಂಥ ಥ್ರೆಡ್‌ಗಳನ್ನ ಸುಮ್ನೆ ಓದಿ ಹೋಗುತ್ತೇನೆ.

ನನ್ನ ಎಡಗೈ ಬೆರಳುಗಳು ಸರಿಯಾಗಿ ಮಡಚುವುದಿಲ್ಲ. ಕಂಟ್ರೋಲರ್‌ನ ಎರಡು ಟ್ರಿಗರ್ ಒಟ್ಟಿಗೆ ಒತ್ತಿ ಹಿಡಿಯೋಕೆ ಆಗಲ್ಲ. ಸೆಲೆಸ್ಟ್‌ನ ಅಸಿಸ್ಟ್ ಮೋಡ್‌ನಲ್ಲಿ ಗೇಮ್ ವೇಗವನ್ನ ಹತ್ತು ಹತ್ತು ಶೇಕಡಾದಂತೆ ಅರ್ಧದ ತನಕ ಇಳಿಸಬಹುದು. ನಾನು ಸ್ವಲ್ಪ ಇಳಿಸಿ ಆಡಿದೆ. ಆಗಲೂ ಸತ್ತೆ, ರಾಶಿ ರಾಶಿ ಸತ್ತೆ. ನಿಮಗೆ ಪೂರ್ತಿ ವೇಗದಲ್ಲಿ ಎಷ್ಟು ಕಷ್ಟ ಆಯಿತೋ ನನಗೆ ಇಳಿಸಿದ ವೇಗದಲ್ಲಿ ಅಷ್ಟೇ ಕಷ್ಟ ಆಗಿರಬಹುದು. ದಿ ಲಾಸ್ಟ್ ಆಫ್ ಅಸ್ ಭಾಗ 2ರಲ್ಲಿ ಬಟನ್ ಒತ್ತಿ ಹಿಡಿಯುವುದನ್ನ ಒಮ್ಮೆ ಒತ್ತುವುದಕ್ಕೆ ಬದಲಿಸಬಹುದು, ಶತ್ರುಗಳು ಎಷ್ಟು ಚುರುಕಿರಬೇಕು ಅನ್ನುವುದನ್ನ ಬೇರೆಯಾಗಿ, ಗುಂಡು ಎಷ್ಟು ಸಿಗಬೇಕು ಅನ್ನುವುದನ್ನ ಬೇರೆಯಾಗಿ ಇಡಬಹುದು. ನಾನು ಶತ್ರುಗಳನ್ನ ಚುರುಕಾಗಿಯೇ ಇಟ್ಟುಕೊಂಡೆ. ಹೆದರಿಕೆ ನನಗೂ ಬೇಕು.

"ಇಳಿಸಿ ಆಡಿದರೆ ಆಡಿದ ಲೆಕ್ಕಾನಾ" ಅಂತ ಕೇಳಿದ್ದೀರಿ. ಲೆಕ್ಕ ಯಾರಿಗೆ ಒಪ್ಪಿಸಬೇಕು ಹೇಳಿ, ಒಪ್ಪಿಸುತ್ತೇನೆ.

ಪದಬಂಧಪ್ರಿಯೆ
👏 ಯಾರಿಗೂ ಒಪ್ಪಿಸಬೇಡಿ.

ಬೆಂಕಿಕಡ್ಡಿ
ಅಕ್ಕ, ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಬಟನ್, ಬಣ್ಣ, ಅಕ್ಷರದ ಗಾತ್ರ, ವೇಗ, ಎಲ್ಲ ಗೇಮ್‌ನಲ್ಲೂ ಇರಲಿ. ನನ್ನ ಸಿಟ್ಟು ಬೇರೆಯವರ ಮೇಲೆ. ಎರಡು ಸಲ ಸತ್ತು "ಡೆವಲಪರ್‌ಗೆ ಬ್ಯಾಲೆನ್ಸ್ ಮಾಡೋಕೆ ಬರಲ್ಲ" ಅಂತ ರಿವ್ಯೂ ಬರೆಯುತ್ತಾರಲ್ಲ, ಅವರ ಮೇಲೆ. ಸೆಕಿರೊದಲ್ಲಿ ಎಲ್ಲರೂ ಗೆನಿಚಿರೊ ಅನ್ನುವ ಒಂದೇ ಬಾಸ್ ಎದುರು ನಿಂತಿದ್ದಾರೆ. ಆ ಅನುಭವ ಎಲ್ಲರಿಗೂ ಒಂದೇ, ಅದಕ್ಕೇ ಅದರ ಬಗ್ಗೆ ಇವತ್ತಿಗೂ ಮಾತಾಡುತ್ತೇವೆ.

ಒಂಟಿಕೈ_ಆಟಗಾರ್ತಿ
ಎಲ್ಲರೂ ನಿಂತಿಲ್ಲ ತಮ್ಮಾ. ನಾನು ನಿಂತಿಲ್ಲ. ಎಷ್ಟೋ ಜನ ಅಲ್ಲಿಗೆ ಬರುವ ಮುಂಚೆಯೇ ಬಿಟ್ಟರು.

ಕಡಲಕಾಗೆ
ಎಲ್ಡನ್ ರಿಂಗ್ ಮಾಡಿದ್ದೂ ಅದೇ ತಂಡ. ಅದರಲ್ಲೂ ಮೆನುವಿನಲ್ಲಿ ಈಸಿ ಅಂತ ಇಲ್ಲ. ಆದರೆ ಸಹಾಯಕ್ಕೆ ಆತ್ಮಗಳನ್ನ ಕರೆಯಬಹುದು, ಬೇರೆ ಆಟಗಾರರನ್ನ ಕರೆಯಬಹುದು, ಬಾಸ್ ಆಗದಿದ್ದರೆ ಕುದುರೆ ಹತ್ತಿ ಬೇರೆ ಕಡೆ ಹೋಗಿ ಬಲ ಬೆಳೆಸಿಕೊಂಡು ಬರಬಹುದು. ಈಸಿ ಮೋಡ್ ಗೇಮ್ ಒಳಗೇ ಹರಡಿಕೊಂಡಿದೆ, ಹುಡುಕಿಕೊಳ್ಳಬೇಕು ಅಷ್ಟೇ. ಇದರಿಂದ ಯಾರ ಮಜಾನೂ ಕಡಿಮೆ ಆಗಲಿಲ್ಲ.

ಬೆಂಕಿಕಡ್ಡಿ
ಮಿಮಿಕ್ ಟಿಯರ್ ಅನ್ನುವ ಆತ್ಮವನ್ನ ಕರೆದು ಮೂಲೆಯಲ್ಲಿ ನಿಂತವರ ಬಗ್ಗೆ ನಾನು ಏನೂ ಹೇಳಲ್ಲ.

ಕಡಲಕಾಗೆ
ಹೇಳಿಬಿಟ್ಟಿರಲ್ಲ ಈಗ.

ಗಣಿತಮೇಷ್ಟ್ರು
ಇಲ್ಲಿ ಎರಡು ಬೇರೆ ಬೇರೆ ಕಷ್ಟ ಒಂದೇ ಪಾತ್ರೆಯಲ್ಲಿ ಬೇಯುತ್ತಿವೆ. ಬಿಡಿಸಿ ನೋಡೋಣ.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಹೇಳಿದ ಫ್ಲೋ ಬಗ್ಗೆ ಕೇಳಿರುತ್ತೀರಿ. ಸವಾಲು ನಮ್ಮ ಶಕ್ತಿಗಿಂತ ತುಂಬ ಜಾಸ್ತಿಯಾದರೆ ಆತಂಕ, ತುಂಬ ಕಡಿಮೆಯಾದರೆ ಬೇಜಾರು, ಎರಡೂ ಸರಿಸಮ ಇದ್ದಾಗ ಹೊತ್ತು ಹೋಗಿದ್ದೇ ತಿಳಿಯಲ್ಲ. ಗೇಮ್ ಮಾಡುವವರಿಗೆ ಈ ಮಾತು ತುಂಬ ಪ್ರಿಯ. ಜರ್ನಿ ಅನ್ನುವ ಗೇಮ್ ಮಾಡಿದ ಜೆನೋವಾ ಚೆನ್ ಓದುವಾಗ ಇದರ ಮೇಲೇ ಪ್ರಬಂಧ ಬರೆದು, ಫ್ಲೋ ಅಂತಲೇ ಒಂದು ಗೇಮ್ ಮಾಡಿದರು.

ಕತ್ತಿ ಕಾಳಗದ ಕಷ್ಟಕ್ಕೆ ಇದು ಸರಿ ಹೋಗುತ್ತದೆ. ಅಲ್ಲಿ ಕಷ್ಟವನ್ನ ಕಾಲು, ಅರ್ಧ, ಮುಕ್ಕಾಲು ಅಂತ ಅಳೆದು ಕೊಡಬಹುದು. 2005ರ ರೆಸಿಡೆಂಟ್ ಈವಿಲ್ 4 ಇದನ್ನ ಗುಟ್ಟಾಗಿಯೇ ಮಾಡುತ್ತಿತ್ತು. ನೀವು ಪದೇ ಪದೇ ಸತ್ತರೆ ಶತ್ರುಗಳ ಜೋರು ತಗ್ಗಿಸುತ್ತಿತ್ತು, ಚೆನ್ನಾಗಿ ಆಡಿದರೆ ಏರಿಸುತ್ತಿತ್ತು.

ಪಜಲ್‌ಗೆ ಇದು ಹೊಂದುವುದಿಲ್ಲ. ಪಜಲ್ ಒಂದೋ ಹೊಳೆಯುತ್ತದೆ, ಇಲ್ಲವೋ ಇಲ್ಲ. ಅರ್ಧ ಹೊಳೆಯುವುದು ಅಂತ ಇಲ್ಲ. ಹೊಳೆಯುವ ತನಕ ನೀವು ಯಾವ ಫ್ಲೋದಲ್ಲೂ ಇರುವುದಿಲ್ಲ, ಸುಮ್ನೆ ಒದ್ದಾಡುತ್ತಿರುತ್ತೀರಿ. ಆ ಒದ್ದಾಟವೇ ಆಮೇಲಿನ ಖುಷಿಗೆ ಬಂಡವಾಳ. ಆದ್ದರಿಂದ ಪಜಲ್‌ನಲ್ಲಿ ಡಿಫಿಕಲ್ಟಿ ಇಳಿಸುವುದು ಅಂದರೆ ಸುಳಿವು ಜಾಸ್ತಿ ಕೊಡುವುದು ಅಥವಾ ಮೆಟ್ಟಿಲುಗಳನ್ನ ಕಡಿಮೆ ಮಾಡುವುದು, ಅಷ್ಟೇ. ಥಿಂಬಲ್‌ವೀಡ್ ಪಾರ್ಕ್‌ನ ಕ್ಯಾಶುಯಲ್ ಮೋಡ್‌ನಲ್ಲಿ ಎಷ್ಟೋ ಪಜಲ್‌ಗಳೇ ಇರುವುದಿಲ್ಲ. ಶಾಡೋ ಆಫ್ ದಿ ಟೂಂಬ್ ರೈಡರ್ 2018ರಲ್ಲಿ ಕಾಳಗ, ಅನ್ವೇಷಣೆ, ಪಜಲ್ ಮೂರಕ್ಕೂ ಬೇರೆ ಬೇರೆ ಮಟ್ಟ ಕೊಟ್ಟಿತು. ಅನ್ವೇಷಣೆಯನ್ನ ಕಷ್ಟಕ್ಕೆ ಇಟ್ಟರೆ ಬಂಡೆ ಮೇಲಿನ ಬಿಳಿ ಗುರುತುಗಳು ಮಾಯ. ಎಲ್ಲ ಗೇಮ್‌ಗಳೂ ಹೀಗೆ ಬಿಡಿಬಿಡಿಯಾಗಿ ಯಾಕೆ ಕೊಡಬಾರದು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅರ್ಧಕ್ಕೆ_ನಿಂತವನು
ಮೇಷ್ಟ್ರೇ, ನನ್ನ ಗೊಂದಲವನ್ನ ನನಗಿಂತ ಚೆನ್ನಾಗಿ ಹೇಳಿದಿರಿ. ಸಾಯುವುದು ನನಗೆ ಬೇಜಾರೇ ಅಲ್ಲ. ಉತ್ತರ ಕಿತ್ತುಕೊಳ್ಳುವುದು ಬೇಜಾರು.

ಗುಬ್ಬಿಗೂಡು
ಉತ್ತರ ಕಿತ್ತುಕೊಳ್ಳುವುದು ಅಂದರೆ ಗಾಡ್ ಆಫ್ ವಾರ್ ರಾಗ್ನರಾಕ್! ಕಣ್ಣು ಹಾಯಿಸುವಷ್ಟರಲ್ಲಿ ಹೀರೋನ ಮಗ ಒಂದು ಕಡೆ, ಸೊಂಟದಲ್ಲಿ ನೇತಾಡುವ ಮಿಮಿರ್ ತಲೆ ಇನ್ನೊಂದು ಕಡೆ, ಇಬ್ಬರೂ ಉತ್ತರ ಹೇಳೋಕೆ ಪೈಪೋಟಿ. ಹೊರೈಜನ್ ಫರ್ಬಿಡನ್ ವೆಸ್ಟ್‌ನಲ್ಲಿ ಹೀರೋಯಿನ್ ಏಲಾಯ್ ತನಗೆ ತಾನೇ ಮಾತಾಡಿಕೊಂಡು ಎಲ್ಲ ಹೇಳಿಬಿಡುತ್ತಿದ್ದಳು. ಜನ ಗೋಳಾಡಿದ ಮೇಲೆ ಪ್ಯಾಚ್‌ನಲ್ಲಿ ಅವಳ ಮಾತು ಕಡಿಮೆ ಮಾಡಿದರು.

ಸಂಶಯಸಿಂಹ
ಅದು ಟೆಸ್ಟಿಂಗ್ ಮಹಿಮೆ ಇರಬೇಕು ಅಂತ ನನ್ನ ಗುಮಾನಿ. ಟೆಸ್ಟ್ ಆಡುವವನು ಒಂದು ಕಡೆ ನಿಂತುಬಿಟ್ಟರೆ ಮೀಟಿಂಗಲ್ಲಿ ಅದು ಸಮಸ್ಯೆ ಅಂತ ಬರೆದುಕೊಳ್ಳುತ್ತಾರೆ. ಅವನು ನಿಂತು ಯೋಚಿಸುತ್ತಿದ್ದನೋ, ನಿಜವಾಗಿ ಸಿಕ್ಕಿಹಾಕಿಕೊಂಡಿದ್ದನೋ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತದೆ.

ತಾರೆಎಣಿಕೆ
ಔಟರ್ ವೈಲ್ಡ್ಸ್ ಆಡಿ. 2019ರದ್ದು. ಅದರಲ್ಲಿ ಲೆವೆಲ್ ಏರಿಸುವುದಿಲ್ಲ, ಹೊಸ ಆಯುಧ ಇಲ್ಲ. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮೊದಲಿನಿಂದ. ನಿಮ್ಮ ಜೊತೆ ಉಳಿಯುವುದು ತಿಳಿವಳಿಕೆ ಮಾತ್ರ. ಎಲ್ಲ ತಿಳಿದವರು ಹೊಸದಾಗಿ ಶುರು ಮಾಡಿದರೂ ಒಂದೇ ಸುತ್ತಿನಲ್ಲಿ ಕೊನೆ ಮುಟ್ಟಬಹುದು. ಒಂದು ಕಡೆ ಸಿಕ್ಕಿಹಾಕಿಕೊಂಡರೆ ಬೇರೆ ಗ್ರಹಕ್ಕೆ ಹೋಗಿ, ಅಲ್ಲಿ ಸಿಕ್ಕ ಬರಹ ಇಲ್ಲಿಯ ಬಾಗಿಲು ತೆರೆಯುತ್ತದೆ. ಯಾವ ಜಾಗದಲ್ಲಿ ಇನ್ನೂ ನೋಡುವುದು ಬಾಕಿ ಇದೆ ಅಂತ ಹಡಗಿನ ಲಾಗ್ ಹೇಳುತ್ತದೆ, ಏನು ಅಂತ ಹೇಳಲ್ಲ. ಹಿಂಟ್ ಅಂದರೆ ಹಾಗಿರಬೇಕು.

ಮಿಣುಕುಹುಳ
ಆ ಮಂಜಿನೊಳಗಿನ ಮೀನು ಇದೆಯಲ್ಲ, ಅದಕ್ಕೆ ಹೆದರಿ ನಾನು ಆ ಕಡೆ ಹೋಗುವುದನ್ನೇ ಮುಂದೂಡುತ್ತಾ ಬಂದೆ. ಭಯವೂ ಒಂದು ಡಿಫಿಕಲ್ಟಿ ಅಲ್ವಾ?

ತಾರೆಎಣಿಕೆ
ಖಂಡಿತ. 2021ರಲ್ಲಿ ಬಂದ ಎಕೋಸ್ ಆಫ್ ದಿ ಐ ಅನ್ನುವ ಹೆಚ್ಚುವರಿ ಭಾಗದಲ್ಲಿ (ಡಿಎಲ್‌ಸಿ) ಹೆದರಿಕೆ ಕಡಿಮೆ ಮಾಡುವ ಆಯ್ಕೆಯನ್ನೇ ಕೊಟ್ಟಿದ್ದಾರೆ.

ಹಡಗಿನಗುಮಾಸ್ತ
ನನ್ನ ಓಟು ರಿಟರ್ನ್ ಆಫ್ ದಿ ಓಬ್ರಾ ಡಿನ್‌ಗೆ. ಲೂಕಸ್ ಪೋಪ್ 2018ರಲ್ಲಿ ತಂದ ಗೇಮ್. ಹಡಗಿನಲ್ಲಿದ್ದ 60 ಜನ ಯಾರು, ಏನಾದರು ಅಂತ ಪುಸ್ತಕದಲ್ಲಿ ತುಂಬಬೇಕು. ಇಲ್ಲಿ ಒಂದು ಜಾಣತನ ಇದೆ. ನೀವು ಬರೆದದ್ದು ಸರಿಯೋ ತಪ್ಪೋ ಅಂತ ಒಂದೊಂದಕ್ಕೂ ಹೇಳಲ್ಲ. ಮೂರು ಜನರ ವಿವರ ಪೂರ್ತಿ ಸರಿ ಆದಾಗ ಮಾತ್ರ ಆ ಮೂರನ್ನೂ ಅಚ್ಚು ಹಾಕಿ ಗಟ್ಟಿ ಮಾಡುತ್ತದೆ.

ಒಂದೊಂದಕ್ಕೂ ಹೇಳಿದ್ದರೆ ನಾವು ಹೆಸರುಗಳನ್ನ ಒಂದಾದ ಮೇಲೊಂದು ಹಾಕಿ ನೋಡಿ ಮುಗಿಸುತ್ತಿದ್ದೆವು. ಕೊನೆಯ ತನಕ ಏನೂ ಹೇಳದಿದ್ದರೆ ಧೈರ್ಯ ಕೆಟ್ಟು ಬಿಡುತ್ತಿದ್ದೆವು. ಮೂರು ಅನ್ನುವ ಲೆಕ್ಕದಲ್ಲಿ ಊಹೆಗೆ ಸ್ವಲ್ಪ ಜಾಗ ಇದೆ, ಮೋಸಕ್ಕೆ ಅಷ್ಟಾಗಿ ಇಲ್ಲ. ಯಾರನ್ನ ಗುರುತಿಸುವುದು ಎಷ್ಟು ಕಷ್ಟ ಅಂತ ಮುಖದ ಪಕ್ಕ ತ್ರಿಕೋನಗಳ ಗುರುತು ಬೇರೆ ಇದೆ. ಸಾಕಷ್ಟು ಸುಳಿವು ಸಿಗುವ ತನಕ ಆ ಮುಖ ಮಸುಕಾಗಿಯೇ ಇರುತ್ತದೆ. ಅಂದರೆ ಈಗ ತಲೆ ಕೆಡಿಸಿಕೊಂಡರೆ ಉಪಯೋಗ ಇದೆಯೋ ಇಲ್ಲವೋ ಅಂತ ಗೇಮೇ ಹೇಳುತ್ತದೆ, ಉತ್ತರ ಮಾತ್ರ ಬಿಟ್ಟುಕೊಡಲ್ಲ.

ಸಂಶಯಸಿಂಹ
ಮೋಸಕ್ಕೆ ಜಾಗ ಚೆನ್ನಾಗಿಯೇ ಇದೆ. ಇಬ್ಬರದ್ದು ಖಾತ್ರಿ ಇದ್ದರೆ ಮೂರನೆಯವನ ಹೆಸರನ್ನ ತಿರುಗಿಸುತ್ತಾ ಹೋಗಬಹುದು. ಎಲ್ಲರೂ ಮಾಡುತ್ತಾರೆ, ಯಾರೂ ಬಾಯಿ ಬಿಡಲ್ಲ.

ಹಡಗಿನಗುಮಾಸ್ತ
ಮಾಡಬಹುದು. ಆದರೆ ಆ ಚೀನೀ ನಾವಿಕರ ವಿಷಯದಲ್ಲಿ ಹಾಗೆ ಮಾಡಿದವರು ಎಂಥ ಸುಂದರವಾದ ಸುಳಿವು ಕಳೆದುಕೊಂಡರು ಗೊತ್ತಾ? ಮಲಗುವ ಜೋಲಿಗಳಿಂದ ಹೊರಗೆ ಚಾಚಿದ ಕಾ

ಪದಬಂಧಪ್ರಿಯೆ
ನಿಲ್ಲಿಸೀ!!! ನಾನು ಈಗ ಅರ್ಧ ಗೇಮ್‌ನಲ್ಲಿ ಇದ್ದೇನೆ!

ಹಡಗಿನಗುಮಾಸ್ತ
ನಿಲ್ಲಿಸಿದೆ. ವಾಕ್ಯ ಮುಗಿಸಿಲ್ಲ, ನೋಡಿ.

ಪದಬಂಧಪ್ರಿಯೆ
ಮುಗಿಸಬೇಕಾಗಿಯೇ ಇರಲಿಲ್ಲ. ಅರ್ಥ ಆಗಿಹೋಯಿತು. 😭

ಹಳೇಪ್ರಿನ್ಸ್
ಸ್ಪಾಯ್ಲರ್ ಜಗಳದ ನಡುವೆ ಬಂದೆ. ಪ್ರಿನ್ಸ್ ಆಫ್ ಪರ್ಷಿಯಾ ಬಗ್ಗೆ ಇನ್ನೂ ಯಾರೂ ಹೇಳದಿರುವುದು ಅನ್ಯಾಯ. 1989. ಪೂರ್ತಿ ಗೇಮ್‌ಗೆ 60 ನಿಮಿಷ. ಸತ್ತರೆ ಲೆವೆಲ್ ಮೊದಲಿಂದ, ಆದರೆ ಗಡಿಯಾರ ನಿಲ್ಲಲ್ಲ. ಅಂಥ ಕಟುಕ ಗೇಮ್‌ನಲ್ಲೂ ಒಂದು ಕಡೆ ನಮ್ಮದೇ ನೆರಳು ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಏಟು ನಮಗೇ ಬೀಳುತ್ತದೆ. ಗೆಲ್ಲೋಕೆ ಮಾಡಬೇಕಾಗಿರುವುದು ಒಂದೇ, ಕತ್ತಿ ಒಳಗಿಡುವುದು. ಗೇಮ್ ಇದನ್ನ ಎಲ್ಲೂ ಹೇಳಿಕೊಡಲ್ಲ. ಆದರೆ ಹೊಡೆದಾಗ ನಮ್ಮದೇ ಜೀವ ಇಳಿಯುವುದು ಕಣ್ಣೆದುರಿಗೇ ಕಾಣುತ್ತದೆ. ಬೇಕಾದ ಸುಳಿವು ಅಷ್ಟೂ ಅಲ್ಲೇ ಇದೆ.

ಬೆಂಕಿಕಡ್ಡಿ
ಸರಿ, ಅದಕ್ಕೆ ಸಲಾಂ. ಆದರೆ 2008ರ ಪ್ರಿನ್ಸ್ ನೆನಪಿದೆಯಾ? ಬಿದ್ದಾಗೆಲ್ಲ ಜೊತೆಗಿರುವ ಎಲಿಕಾ ಕೈ ಹಿಡಿದು ಎತ್ತುತ್ತಾಳೆ. ಸಾಯೋದೇ ಇಲ್ಲ. ಅದೂ ಗೇಮಾ?

ಹಳೇಪ್ರಿನ್ಸ್
ಅದರ ಬಗ್ಗೆ ಜನ ವಿನಾಕಾರಣ ಕೂಗಾಡಿದರು. ಎಲಿಕಾ ಎತ್ತಿ ಕೂರಿಸುವುದು ಕೊನೆಗೆ ಕಾಲೂರಿದ ಗಟ್ಟಿ ಜಾಗದಲ್ಲಿ. ಬೇರೆ ಗೇಮ್‌ನಲ್ಲಿ ಸತ್ತು, ಲೋಡಿಂಗ್ ಪರದೆ ನೋಡಿ, ಚೆಕ್‌ಪಾಯಿಂಟ್‌ನಿಂದ ಶುರು ಮಾಡುವುದೂ ಅದೇ ತಾನೇ? ಇಲ್ಲಿ ಲೋಡಿಂಗ್ ಇಲ್ಲ. "ನೀನು ಸತ್ತೆ" ಅಂತ ದೊಡ್ಡಕ್ಷರದಲ್ಲಿ ಬರೆಯಲಿಲ್ಲ ಅಂತ ಇವರಿಗೆ ಬೇಜಾರು.

ಎಲ್ಲರೂ ಕದಿಯಬೇಕಾದ ಐಡಿಯಾ ಇರುವುದು ಇದೇ ಸರಣಿಯ 2024ರ ದಿ ಲಾಸ್ಟ್ ಕ್ರೌನ್‌ನಲ್ಲಿ. ಈಗ ದಾಟೋಕೆ ಆಗದ ಜಾಗ ಕಂಡರೆ ಒಂದು ಬಟನ್ ಒತ್ತಿ, ಆ ದೃಶ್ಯದ ಚಿತ್ರ ನಕ್ಷೆಗೆ ಅಂಟಿಕೊಳ್ಳುತ್ತದೆ. ಹೊಸ ಶಕ್ತಿ ಸಿಕ್ಕಾಗ ನಕ್ಷೆ ತೆರೆದು ಚಿತ್ರ ನೋಡಿದರೆ ಸಾಕು. ಪಜಲ್ ಸುಲಭ ಆಗಲಿಲ್ಲ, ನೆನಪಿಟ್ಟುಕೊಳ್ಳುವ ಕಾಟ ತಪ್ಪಿತು.

ಪದಬಂಧಪ್ರಿಯೆ
ನನಗೆ ನೋಟ್‌ಬುಕ್ಕೇ ಬೇಕು. ರಿವೆನ್ ಆಡುವಾಗ ತುಂಬಿಸಿದ ನೋಟ್‌ಬುಕ್ ಇನ್ನೂ ಇದೆ. ಅಲ್ಲಿಯ ಜನರ ಅಂಕಿಗಳನ್ನ ಮಕ್ಕಳ ಆಟಿಕೆ ನೋಡಿ ಕಲಿಯುವುದು, ಆಮೇಲೆ ಅವರು ಐದರ ಲೆಕ್ಕದಲ್ಲಿ ಎಣಿಸುತ್ತಾರೆ ಅಂತ ತಿಳಿಯುವುದು... ಅಯ್ಯೋ, ಈಗ ನಾನೇ ಸ್ಪಾಯ್ಲರ್ ಕೊಟ್ಟೆನಾ?

ಹಡಗಿನಗುಮಾಸ್ತ
ಈಗ ಲೆಕ್ಕ ಸಮ ಆಯ್ತು.

ಗಣಿತಮೇಷ್ಟ್ರು
1997ರ ಗೇಮ್‌ಗೆ ಸ್ಪಾಯ್ಲರ್ ಲೆಕ್ಕ ಇಲ್ಲ ಬಿಡಿ. 2024ರಲ್ಲಿ ರಿವೆನ್ ಹೊಸದಾಗಿ ಬಂದಿದೆ, ಕೆಲವು ಪಜಲ್‌ಗಳನ್ನ ಬದಲಿಸಿದ್ದಾರೆ. ಹಳೇ ನೋಟ್‌ಬುಕ್ ನಂಬಿಕೊಂಡು ಕೂತರೆ ಕೈಕೊಡುತ್ತದೆ.

ಚುಕ್ಕಿಬೆಕ್ಕು
ಬ್ಲೂ ಪ್ರಿನ್ಸ್ ಬಗ್ಗೆ ಏನಂತೀರಿ? 2025ರದ್ದು. ದಿನಾ ಮನೆಯ ಕೋಣೆಗಳನ್ನ ಹೊಸದಾಗಿ ಜೋಡಿಸುತ್ತಾ 46ನೇ ಕೋಣೆ ಹುಡುಕಬೇಕು. ಪಜಲ್‌ಗಳು ಬಂಗಾರ. ಆದರೆ ಉತ್ತರ ಗೊತ್ತಿದ್ದೂ ಬೇಕಾದ ಕೋಣೆ ಲಾಟರಿಯಲ್ಲಿ ಬರದೆ ದಿನ ಮುಗಿದಾಗ ಕಂಟ್ರೋಲರ್ ಎಸೆಯುವ ಹಾಗಾಗುತ್ತದೆ.

ನೀರಾನೆ
ಅದೂ ಕಬ್ಬಿಣದ ಬೂಟಿನ ಜಾತಿಯದ್ದೇ.

ತಾರೆಎಣಿಕೆ
ಒಪ್ಪಲ್ಲ. ಕೋಣೆ ಬರದಿದ್ದರೆ ಬೇರೆ ಎಳೆ ಹಿಡಿದು ಹೋಗಬೇಕು, ಅದೇ ಆ ಗೇಮ್. ಒಂದೇ ಗುರಿ ಹಿಡಿದು ಹೊರಟರೆ ಬೇಜಾರು, ಎಂಟು ಹತ್ತು ಗುರಿ ಒಟ್ಟಿಗೆ ಇಟ್ಟುಕೊಂಡರೆ ಯಾವ ದಿನವೂ ದಂಡ ಅಲ್ಲ. ಆದರೆ ಕೊನೆಕೊನೆಗೆ ಗುರಿಗಳೆಲ್ಲ ಮುಗಿದು ಒಂದೇ ಉಳಿದಾಗ ನೀವು ಹೇಳಿದ್ದು ನಿಜ.

ಅರ್ಧಕ್ಕೆ_ನಿಂತವನು
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಓಬ್ರಾ ಡಿನ್ ಕೊಂಡೆ. ಹಡಗಿನಗುಮಾಸ್ತರೇ, ದಯವಿಟ್ಟು ಇನ್ನು ಬಾಯಿ ಬಿಡಬೇಡಿ. ಇನ್ನೊಂದು ಪ್ರಶ್ನೆ: ಮಷಿನೇರಿಯಮ್ ಅರ್ಧಕ್ಕೆ ಬಿಟ್ಟಿದ್ದೇನೆ, ಅದರಲ್ಲಿ ಹಿಂಟ್ ಇದೆಯಾ?

ಗುಬ್ಬಿಗೂಡು
ಇದೆ. ಬಲ್ಬ್ ಒತ್ತಿದರೆ ಒಂದು ಚಿಕ್ಕ ಸುಳಿವು. ಪೂರ್ತಿ ಉತ್ತರಕ್ಕೆ ಬೀಗ ಹಾಕಿದ ಪುಸ್ತಕ ಇದೆ. ಅದು ತೆರೆಯೋಕೆ ಜೇಡಗಳನ್ನ ಹೊಡೆಯುತ್ತಾ ಕೀಲಿಯನ್ನ ಬೀಗದ ತನಕ ಹಾರಿಸುವ ಚಿಕ್ಕ ಗೇಮ್ ಆಡಬೇಕು. ಪ್ರತಿ ಸಲವೂ.

ಬೆಂಕಿಕಡ್ಡಿ
ಉತ್ತರ ಬೇಕಿದ್ದರೆ ದುಡಿದು ತಗೋ. ಇದು ನನಗೆ ಇಷ್ಟ ಆಯ್ತು.

ಒಂಟಿಕೈ_ಆಟಗಾರ್ತಿ
ಜೇಡ ಹೊಡೆಯೋಕೆ ಎಷ್ಟು ಬಟನ್ ಬೇಕು?

ಗುಬ್ಬಿಗೂಡು
ಮೇಲೆ ಹೋಗೋಕೆ, ಕೆಳಗೆ ಬರೋಕೆ, ಗುಂಡು ಹಾರಿಸೋಕೆ, ಅಷ್ಟೇ ಅಕ್ಕ. ಆರಾಮಾಗಿ ಆಡಬಹುದು. ಬಾಕಿ ಗೇಮ್ ಹೆಚ್ಚುಕಮ್ಮಿ ಮೌಸ್‌ನಲ್ಲೇ, ಅವಸರ ಮಾಡಬೇಕಾದದ್ದು ಕಡಿಮೆ. ಸಂಗೀತ ಚೆನ್ನಾಗಿದೆ, ಹೆಡ್‌ಫೋನ್ ಹಾಕಿಕೊಳ್ಳಿ.